ಟ್ರೆಸ್ಸಾಗೆ ನಂಬರ್ ಬಂದ ಬೆಳಿಗ್ಗೆ

ಕೆಂಟಕಿಯ ಗುಡ್ಡಗಳ ನಡುವಿನ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಗುರುವಾರ ಬೆಳಿಗ್ಗೆ ಒಬ್ಬರಿಗೂ ಕೆಲಸದ ಮೇಲೆ ಗಮನವಿರಲಿಲ್ಲ. ಎಲ್ಲರ ಕಣ್ಣೂ ಫೋನಿನ ಮೇಲೆ. ರಾಜ್ಯದ ಲೈಸೆನ್ಸ್ ಮಂಡಳಿಯ ಪುಟ ತೆರೆದು ‘ಟ್ರೆಸ್ಸಾ ಕೋಂಬ್ಸ್’ ಎಂದು ಹಾಕುವುದು, ಅಂಥವರು ಯಾರೂ ಇಲ್ಲ ಎಂದು ಓದಿ ಬೈಯುವುದು, ಮತ್ತೆ ಹಾಕುವುದು. ಅಂಚೆಯಲ್ಲಿ ಕಾಗದ ಬರಲಿ ಎಂದು ಕಾಯುವ ತಾಳ್ಮೆ ಈ ಕಸುಬಿನವರಿಗೆ ಎಂದೂ ಇದ್ದದ್ದಿಲ್ಲ. ಪುಟದಲ್ಲಿ ಹೆಸರಿನ ಪಕ್ಕ ನಂಬರ್ ಮೂಡಿದರೆ ಮುಗಿಯಿತು, ಆ ಗಳಿಗೆಯಿಂದ ಟ್ರೆಸ್ಸಾ ಫಿಸಿಯೋಥೆರಪಿ ಅಸಿಸ್ಟೆಂಟ್.

ಅವಳಿಗೆ ನಲವತ್ತೇಳು ವರ್ಷ. ಅದರಲ್ಲಿ ಹತ್ತೊಂಬತ್ತು ಇದೇ ಕ್ಲಿನಿಕ್ಕಿನಲ್ಲಿ ಮೇಲುಕೆಲಸಕ್ಕೆ ಹೋದವು. ಟವೆಲ್ ಮಡಚಿದ್ದಳು, ಮೇಜು ಒರೆಸಿದ್ದಳು, ಶಾಖದ ಚೀಲ ಹೊತ್ತಿದ್ದಳು, ಗಾಲಿಕುರ್ಚಿ ತಳ್ಳಿದ್ದಳು. ನಲವತ್ತನಾಲ್ಕರಲ್ಲಿ, ತನ್ನ ಮಗಳ ವಯಸ್ಸಿನವರ ಜೊತೆ ಕಾಲೇಜಿನ ಬೆಂಚಿನಲ್ಲಿ ಕೂತಳು. ದಿನಾ ನಲವತ್ತು ಮೈಲಿ ಕಾರು ಓಡಿಸುತ್ತ ಸ್ನಾಯುಗಳ ಹೆಸರು ಬಾಯಿಪಾಠ ಮಾಡಿದಳು. ಮೊದಲ ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಹನ್ನೆರಡು ಅಂಕದಲ್ಲಿ ಹೋಯಿತು. ಮೂರು ದಿನ ಪುಸ್ತಕ ಮುಟ್ಟಲಿಲ್ಲ, ನಾಲ್ಕನೆಯ ದಿನ ಮತ್ತೆ ಪುಸ್ತಕ ತೆಗೆದಳು. ಎಂಥ ಹೆಣ್ಣು ನೋಡಿ. ಎರಡನೆಯ ಸಲ ಪಾಸಾದ ಸುದ್ದಿ ಈ ಮಂಗಳವಾರ ಬಂದಿತ್ತು. ಆದರೆ ಪಾಸಾದರೆ ಸಾಲದು, ನಂಬರ್ ಬರುವ ಮೊದಲೇ ರೋಗಿಯನ್ನು ನಡೆಸಿದರೆ ಬರಬೇಕಾದ ನಂಬರೂ ಕೈತಪ್ಪುತ್ತದೆ.

ಇವತ್ತೇ ಬರಬೇಕಿತ್ತು, ಯಾಕೆಂದರೆ ಹರ್ಷೆಲ್ ನಾಳೆ ಊರು ಬಿಡುತ್ತಿದ್ದ. ಲಾರಿ ಓಡಿಸಿ ನಿವೃತ್ತನಾದ ಮುದುಕ, ಸಕ್ಕರೆ ಕಾಯಿಲೆಗೆ ಎಡಗಾಲು ಕೊಟ್ಟವನು. ಹೊಸ ಕಾಲು ಬಂದು ನಾಲ್ಕು ದಿನವಾಗಿತ್ತು. ‘ನಿಮ್ಮನ್ನ ನಡೆಸೋದು ನಾನೇ’ ಎಂದು ಟ್ರೆಸ್ಸಾ ಎಂದೋ ಆಡಿದ್ದ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಹನ್ನೊಂದಕ್ಕೆ ಅವನನ್ನು ಮನೆಗೆ ಕರೆದೊಯ್ಯುವ ವ್ಯಾನು ಬರುತ್ತಿತ್ತು.

“ಹಠ ಮಾಡ್ಬೇಡಿ, ಬನ್ನಿ, ನಾನೇ ನಡೆಸ್ತೀನಿ,” ಎಂದಳು ಕ್ಲಿನಿಕ್ಕಿನ ಯಜಮಾನಿ, ಥೆರಪಿಸ್ಟ್ ಕೋರಾ.

“ನೀನು ಓದಿದೋಳು ಡಾಕ್ಟ್ರಮ್ಮ, ಇಲ್ಲ ಅನ್ನಲ್ಲ. ಆದ್ರೆ ಮಾತು ಕೊಟ್ಟೋಳು ಅವಳು.”

“ನಂಬರ್ ಬರ್ದೇ ಇದ್ರೆ?”

“ಕೂತೇ ಹೋಗ್ತೀನಿ. ಇಷ್ಟು ವರ್ಷ ಲಾರೀಲಿ ಕೂತೇ ಅಲ್ವಾ ಓಡಾಡಿದ್ದು.”

ಟ್ರೆಸ್ಸಾಗೆ ಅಳುವೂ ಬಂತು, ಸಿಟ್ಟೂ ಬಂತು. “ನಿಮ್ಮ ದಮ್ಮಯ್ಯ, ಅವಳ ಜೊತೆ ನಡೀರಿ. ನನಗೋಸ್ಕರ ಕಾಯ್ಬೇಡಿ.”

“ನೀನು ಸುಮ್ಮನೆ ಫೋನ್ ನೋಡು.”

ಹತ್ತೂಕಾಲಿಗೆ ಪುಟವೇ ಮುನಿಸಿಕೊಂಡಿತು. ಇಲ್ಲಿಂದ ವಿಪರೀತ ಹುಡುಕಾಟ ನಡೆದಿದೆ, ಒಂದು ಗಂಟೆ ಬಿಟ್ಟು ಬನ್ನಿ ಎಂದಿತು. ಮುನಿಸು ಬರದೇ ಇರುತ್ತದೆಯೇ? ಮಂಡಿನೋವಿಗೆ ಸೈಕಲ್ ತುಳಿಯಲು ಬಂದಿದ್ದ ಹೆಂಗಸೂ ತುಳಿಯುವುದು ಬಿಟ್ಟು ಅದೇ ಹೆಸರನ್ನು ಕುಟ್ಟುತ್ತಿದ್ದಳು, ಎಲ್ಲರದೂ ಕ್ಲಿನಿಕ್ಕಿನ ಒಂದೇ ವೈಫೈ.

ಕೋರಾ ಫೋನ್ ಹಿಡಿದು ಹೊರಗೆ ಹೋದಳು. ಪಕ್ಕದ ಚರ್ಚಿನ ದಿಬ್ಬ ಹತ್ತಿದರೆ ಮಾತ್ರ ಅಲ್ಲಿ ಫೋನಿಗೆ ಸಿಗ್ನಲ್. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಆಮೇಲೆ ಎಲ್ಲರೂ ಕಿಟಕಿಯಲ್ಲಿ ನೋಡಿದರು: ದಿನವಿಡೀ ‘ನಿಧಾನ, ನಿಧಾನ’ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವ ಕೋರಾ, ಒದ್ದೆ ಹುಲ್ಲಿನ ಮೇಲೆ ಬಿದ್ದಂಬೀಳ ಓಡಿ ಬರುತ್ತಿದ್ದಳು.

“ಬಂತು ಕಣೇ. ತಗೋ, ನೀನೇ ನೋಡು.”

ಟ್ರೆಸ್ಸಾ ಆ ನಂಬರನ್ನು ಮೂರು ಸಲ ಓದಿದಳು. ಕಣ್ಣೊರೆಸಿಕೊಂಡು ಮತ್ತೆ ಓದಿದಳು. ಸೈಕಲ್ಲಿನ ಹೆಂಗಸು ಚಪ್ಪಾಳೆ ಹೊಡೆದಳು.

“ಅತ್ತಿದ್ದು ಮುಗೀತಾ?” ಎಂದ ಹರ್ಷೆಲ್. “ನನ್ನ ವ್ಯಾನಿಗೆ ಇನ್ನು ಇಪ್ಪತ್ತೇ ನಿಮಿಷ.”

ಟ್ರೆಸ್ಸಾ ಅವನ ಸೊಂಟಕ್ಕೆ ಪಟ್ಟಿ ಬಿಗಿದಳು. ಕೈಯಾಸರೆಯ ಎರಡು ಕಂಬಿಗಳ ನಡುವೆ ನಿಲ್ಲಿಸಿದಳು. ನಿಲ್ಲಿಸಿದವಳೇ ಅಭ್ಯಾಸಬಲದಿಂದ ಸರಸರನೆ ಅವನ ಹಿಂದಕ್ಕೆ ಹೋಗಿ ಗಾಲಿಕುರ್ಚಿಯ ಹಿಡಿ ಹಿಡಿದುಕೊಳ್ಳಲು ಹೊರಟಳು.

ಕೋರಾ ಮೊದಲೇ ಅಲ್ಲಿ ನಿಂತಿದ್ದಳು. “ಎಲ್ಲಿಗೆ ಬಂದೆ? ಇವತ್ತು ಕುರ್ಚಿ ನಂದು. ನಡಿ ಮುಂದಕ್ಕೆ.”

ಟ್ರೆಸ್ಸಾ ಮುಂದಕ್ಕೆ ಹೋಗಿ ಪಟ್ಟಿ ಹಿಡಿದಳು. “ಕೆಳಗೆ ನೋಡ್ಬೇಡಿ. ನನ್ನ ನೋಡಿ.”

ಹರ್ಷೆಲ್ ಹೊಸ ಕಾಲು ಎತ್ತಿಟ್ಟ. ಆಮೇಲೆ ಹಳೆಯದು. ತುಟಿ ಕಚ್ಚಿಕೊಂಡಿದ್ದ, ಹಣೆಯೆಲ್ಲ ಬೆವರು, ಮೂರನೆಯ ಹೆಜ್ಜೆಗೆ ಅವನ ಕಣ್ಣು ತುಂಬಿ ನಗುವಿಗೆ ಬಾಯಿ ಅಗಲವಾಯಿತು.

ನೂರಾರು ಜನರ ಮೊದಲ ಹೆಜ್ಜೆಗೆ ಟ್ರೆಸ್ಸಾ ಅವರ ಹಿಂದೆ ಕುರ್ಚಿ ತಳ್ಳಿಕೊಂಡು ಹೋಗಿದ್ದಳು. ಅವಳು ಕಂಡದ್ದೆಲ್ಲ ಅವರ ಕತ್ತು, ಅವರ ಅಂಗಿಯ ಕಾಲರು. ಮತ್ತೆ ನಡೆಯಲು ಶುರುಮಾಡಿದ ಮನುಷ್ಯನ ಮುಖ ಹೇಗಿರುತ್ತದೆಂದು ಅವಳು ನೋಡಿದ್ದು ಅದೇ ಮೊದಲು.