ನನ್ನ ಸೊಂಟಕ್ಕೆ ಅತ್ತೆಯ ಕಾವಲು

ನನಗೆ ಬಂದ ರೋಗದ ಹೆಸರು ಹೇಳಿದರೆ ಜನ ಅಯ್ಯೋ ಎನ್ನುತ್ತಾರೆ, ಬಂದ ಜಾಗ ಹೇಳಿದರೆ ನಗುತ್ತಾರೆ. ಸೀರೆಯ ಒಳಗೆ ಉಡುವ ಪರಕರಕ್ಕೆ ಲಾಡಿ ಇರುತ್ತದಲ್ಲ, ಅದನ್ನು ಕಟ್ಟುವ ಗೆರೆಯ ಮೇಲೆ, ಬಲಗಡೆ, ಸೊಂಟ ಬೆನ್ನಿಗೆ ಹೊರಳುವಲ್ಲಿ ಚರ್ಮದ ಕ್ಯಾನ್ಸರ್. ಮಾಲಗಾಂವದ ನಮ್ಮ ಹೆಂಗಸರು ಲಾಡಿಯನ್ನು ಸಡಿಲ ಕಟ್ಟಿದವರೇ ಅಲ್ಲ. ಬಗ್ಗಿ ಕಳೆ ಕೀಳಬೇಕು, ಮೇವಿನ ಹೊರೆ ಹೊರಬೇಕು, ನಡುದಾರಿಯಲ್ಲಿ ಸೀರೆ ಜಾರಿದರೆ ಮಾನ ಹೋಯಿತು. ಮದುವೆಯಾದಂದಿನಿಂದ ಒಂದೇ ಜಾಗದಲ್ಲಿ ಬಿಗಿದು ಬಿಗಿದು ಅಲ್ಲೊಂದು ಕಪ್ಪು ಪಟ್ಟೆ ಬಿದ್ದಿತ್ತು. ಅದು ತುರಿಸಿತು, ಸಿಪ್ಪೆ ಎದ್ದಿತು, ಆಮೇಲೆ ಒಂದು ಸಣ್ಣ ಹುಣ್ಣಾಗಿ ಏನು ಹಚ್ಚಿದರೂ ಮಾಯದೆ ಕೂತುಬಿಟ್ಟಿತು. ಮಿರಜಿನ ಡಾಕ್ಟರು ಬೇಗ ಬಂದಿರಿ, ಪುಣ್ಯವಂತರು ಎಂದು ಹೇಳಿ ಅದನ್ನು ಸುತ್ತಲಿನ ಚರ್ಮದ ಸಮೇತ ಕೊಯ್ದು ತೆಗೆದರು.

ರೋಗ ಹೋಯಿತು, ಆದರೆ ರೋಗದ ಮುಂದಿನ ಕೆಲಸವೇ ದೊಡ್ಡದು ಎಂದು ನನಗೆ ಆಮೇಲೆ ಗೊತ್ತಾಯಿತು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಆ ಗೆರೆಯ ಮೇಲೆ ಇನ್ನು ಏನನ್ನೂ ಕಟ್ಟಬಾರದು. ಮನೆಯಲ್ಲಿ ತಿಂಗಳಿಗೊಮ್ಮೆ ಯಾರಾದರೂ ಕಲೆಯನ್ನು ನೋಡಬೇಕು. ಕೆಂಪಾಯಿತೇ, ದಪ್ಪವಾಯಿತೇ, ಹುಣ್ಣಾಯಿತೇ ಎಂದು. ಏನಾದರೂ ಕಂಡರೆ ಮೂರು ತಿಂಗಳು ಕಾಯದೆ ಓಡಿ ಬರಬೇಕು, ಏಕೆಂದರೆ ಅದು ತಿರುಗಿ ಬಂದರೆ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇಷ್ಟು ಕೇಳಿದ ಮೇಲೆ ನನಗೆ ಆ ಜಾಗವನ್ನು ಮುಟ್ಟಲೂ ಧೈರ್ಯವಿರಲಿಲ್ಲ. ಸ್ನಾನ ಮಾಡುವಾಗ ಅಲ್ಲಿಗೆ ಬರೀ ನೀರು ಸುರಿದುಕೊಂಡು ಸುಮ್ಮನಾಗುತ್ತಿದ್ದೆ.

ನೋಡುವವರು ಯಾರು? ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದವರು. ಗಾಡಿಗಟ್ಟಲೆ ಕಬ್ಬಿಗೆ ಹೆದರದ ಮನುಷ್ಯ, ಹತ್ತಿಯ ಮೇಲೆ ಒಂದು ಹನಿ ರಕ್ತ ಕಂಡರೆ ಗೋಡೆ ಹಿಡಿದು ಕೂಡುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು.

"ಅಂವಗ ಯಾಕ ಹೇಳತಿ? ನಾ ಇದ್ದೇನಲ್ಲ. ನಾ ನೋಡತೇನಿ."

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ನನ್ನ ಸೊಂಟದ ಇನ್ಸ್ಪೆಕ್ಷನ್. ಹಾಡಹಗಲು, ಬಾಗಿಲು ಹಾಕಿ, ಕೈಯಲ್ಲಿ ಬ್ಯಾಟರಿ. ಅತ್ತೆ ನನ್ನ ಬೆನ್ನ ಹಿಂದೆ ಕೂತು ಬೆಳಕನ್ನು ಅತ್ತ ಇತ್ತ ಆಡಿಸುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ನೋವಾದೀತೆಂದು ಕೈ ಮಾತ್ರ ಹಚ್ಚುತ್ತಿರಲಿಲ್ಲ. ನಾನು ಉಸಿರು ಹಿಡಿದು ನಿಂತಿರುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅಪ್ಪಣೆಯಾಗುತ್ತಿತ್ತು: "ಚಲೋ ಐತಿ. ಉಟಗೋ."

ಉಟ್ಟುಕೊಳ್ಳುವುದೇನು ಸುಲಭವೇ? ಲಾಡಿ ಇಲ್ಲದೆ ಸೀರೆ ನಿಲ್ಲುವುದು ಹೇಗೆಂದು ಡಾಕ್ಟರು ಹೇಳಿಕೊಡಲಿಲ್ಲ. ವಿಶ್ರಾಮಬಾಗ ಪೇಟೆಯ ಒಬ್ಬ ಟೇಲರ್ ತಲೆ ಓಡಿಸಿ, ಶಾಲೆಯ ಹುಡುಗರ ಚಡ್ಡಿಗೆ ಹಚ್ಚುವಂತೆ ನನ್ನ ಪರಕರಕ್ಕೆ ಹೆಗಲ ಮೇಲಿಂದ ಗ್ಯಾಲಿಸ್ ಪಟ್ಟಿ ಹಚ್ಚಿಕೊಟ್ಟ. ಸೀರೆಯನ್ನು ಅದಕ್ಕೆ ಪಿನ್ನಿನಿಂದ ಚುಚ್ಚಿಕೊಳ್ಳುವುದು. ಮೊಮ್ಮಕ್ಕಳನ್ನು ಕಂಡ ಹೆಂಗಸು ಗ್ಯಾಲಿಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು, ಈ ರೋಗಕ್ಕೆ ಬೆಂಕಿ ಬೀಳಲಿ ಎಂದು ಬೈದೆ, ಆಮೇಲೆ ನಗು ತಡೆಯಲಾಗಲಿಲ್ಲ.

ನಾನು ಆಗ ನಮ್ಮೂರ ಹೆಂಗಸರ ಹಾಲಿನ ಸೊಸೈಟಿಗೆ ಚೇರಮನ್. ಊರಲ್ಲಿ ಎಲ್ಲಕ್ಕೂ ಸೊಸೈಟಿ ಇದ್ದ ಕಾಲ. ನೀರಿಗೆ ಒಂದು, ಗೊಬ್ಬರಕ್ಕೆ ಒಂದು, ದ್ರಾಕ್ಷಿಗೆ ಒಂದು. ಠರಾವು ಆಗದೆ ನಮ್ಮಲ್ಲಿ ಎಮ್ಮೆಯೂ ಮಲಗುತ್ತಿರಲಿಲ್ಲ. ಸೊಸೈಟಿಯೊಳಗೆ ಎರಡು ಪಾರ್ಟಿ, ಮೇಲಿನ ಓಣಿ ಮತ್ತು ಕೆಳಗಿನ ಓಣಿ. ಎರಡನ್ನೂ ಹಿಡಿದುಕೊಂಡು ಹೋಗುವುದೇ ನನ್ನ ಕೆಲಸ. ಇಲ್ಲೇ ನೋಡಿ ಎಡವಟ್ಟಾದದ್ದು.

ಒಂದು ದಿನ ಅತ್ತೆ ಎಲ್ಲಿಂದಲೋ ಮಂತ್ರಿಸಿದ ಕರಿದಾರ ತಂದು, "ಸೊಂಟಕ್ಕ ಕಟಗೋ, ರೋಗ ಹೊಳ್ಳಿ ನೋಡಂಗಿಲ್ಲ" ಎಂದರು.

"ಅತ್ತಿ, ಕಟ್ಟಿದ್ದಕ್ಕ ರೋಗ ಬಂದೈತ್ರಿ. ಡಾಕ್ಟರ ಏನಂದಾರ?"

"ಲಾಡಿ ಕಟ್ಟಬ್ಯಾಡ ಅಂದಾರ. ದಾರ ಕಟ್ಟಬ್ಯಾಡ ಅಂದಾರೇನ?"

ವಕೀಲರೂ ತಲೆದೂಗುವ ಮಾತು. ಎರಡು ಹೊತ್ತು ಅತ್ತೆ ಊಟ ಬಿಟ್ಟು ಕೂತ ಮೇಲೆ ಸೋತು ಕಟ್ಟಿಸಿಕೊಂಡೆ. ಸುದ್ದಿ ಸೊಸೈಟಿಗೆ ಮುಟ್ಟಿತು. ಮೇಲಿನ ಓಣಿಯವರು ಕೊಲ್ಲಾಪುರದಿಂದ ಕೆಂಪು ದಾರ ತಂದರು. ಅವರದು ಕಟ್ಟಿಕೊಂಡು ಕೆಳಗಿನ ಓಣಿಯವರು ಮಿರಜಿನ ದರ್ಗಾದಿಂದ ತಂದ ಹಸಿರು ದಾರ ಬಿಟ್ಟರೆ ಸೊಸೈಟಿ ಒಡೆಯುತ್ತದೆ. ಚುನಾವಣೆ ಬೇರೆ ಎದುರಿಗೆ. ಅದನ್ನೂ ಕಟ್ಟಿಕೊಂಡೆ. ಹಳದಿ, ಬಿಳಿ, ಯಾರದೋ ತವರಿನ ಗಂಟು ಗಂಟಿನ ದಾರ, ಎಲ್ಲ ಬಂದವು. ಕೊನೆಗೆ ನನ್ನ ಸೊಂಟದ ಮೇಲೆ ಲಾಡಿಗಿಂತ ದಪ್ಪನೆಯ ಹಗ್ಗ ತಯಾರಾಯಿತು. ಅದೂ ಸರಿಯಾಗಿ ಅದೇ ಗೆರೆಯ ಮೇಲೆ. ಅತ್ತೆ ಮಾತ್ರ ಬ್ಯಾಟರಿ ಹಿಡಿದು, ದಾರ ಸರಿಸಿದಂತೆ ಮಾಡಿ, "ಚಲೋ ಐತಿ" ಎನ್ನುವುದನ್ನು ತಪ್ಪಿಸಲಿಲ್ಲ.

ಮೂರು ತಿಂಗಳ ತಪಾಸಣೆಗೆ ಮಿರಜಿಗೆ ಹೋದೆವು. ಡಾಕ್ಟರು ನನ್ನ ಸೀರೆಯ ಅಂಚು ಸರಿಸಿದವರು ಹಾಗೇ ನಿಂತುಬಿಟ್ಟರು.

"ಹೇ ಕಾಯ ಆಹೇ?" ಇದೇನಿದು ಎಂದು ಮರಾಠಿಯಲ್ಲಿ ಕೇಳಿದರು.

ಇದು ಮೇಲಿನ ಓಣಿ, ಇದು ಕೆಳಗಿನ ಓಣಿ ಎಂದು ಏನು ಹೇಳಲಿ? ಅವರು ಕತ್ತರಿ ತಂದು ಎರಡೂ ಪಾರ್ಟಿಯನ್ನು ಒಮ್ಮೆಗೇ ಕತ್ತರಿಸಿದರು. ಅತ್ತೆ ಕೆಳಗೆ ಬಿದ್ದ ದಾರಗಳನ್ನು ಭಕ್ತಿಯಿಂದ ತಡವಿ ತಡವಿ ಆರಿಸಿ ಸೆರಗಿಗೆ ಕಟ್ಟಿಕೊಂಡರು. ಇಷ್ಟು ಹೊತ್ತಿಗೆ ನನಗೂ ನಗು ಬರುತ್ತಿತ್ತು. ಆದರೆ ಡಾಕ್ಟರು ಬಗ್ಗಿ ನೋಡುತ್ತಲೇ ಇದ್ದರು. ಕಲೆಯ ಒಂದು ಕಡೆ ಕೆಂಪಗೆ ಉಬ್ಬಿದೆ, ಇವತ್ತಿನದಲ್ಲ, ವಾರಗಟ್ಟಲೆ ಆಗಿದೆ ಎಂದರು. ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು.

ಮನೆಯಲ್ಲಿ ಯಾರು ನೋಡುತ್ತಾರೆ ಎಂದು ಡಾಕ್ಟರು ಕೇಳಿದರು. ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಸೆರಗಿನ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಕೂತಿದ್ದರು.

"ನನಗ ಕಾಣಂಗಿಲ್ಲ," ಎಂದರು. "ಬ್ಯಾಟರಿ ಹಾಕಿದ್ರ ಬೆಳಕಷ್ಟ ಕಾಣತೈತಿ."

"ಮತ್ತ ಚಲೋ ಐತಿ ಅಂತಿದ್ರೆಲ್ಲಾ!" ಎಂದು ಕೂಗಿಬಿಟ್ಟೆ.

"ಕಾಣಂಗಿಲ್ಲ ಅಂದಿದ್ರ ನಿನ್ನ ಸೊಸೈಟಿ ಹೆಂಗಸರು ನೋಡತಿದ್ರು. ನನ್ನ ಸೊಸಿ ಸೊಂಟಾ ಊರಮಂದಿ ಯಾಕ ನೋಡಬೇಕ? ಕಾಣಲಿಲ್ಲಂತನ ದಾರ ಕಟ್ಟಿದ್ನೆವ್ವಾ. ನಾ ನೋಡದಿದ್ರೂ ಅದಾದ್ರೂ ನೋಡಲಿ ಅಂತ."

ನನಗೆ ಆಗ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂಡಲಿಲ್ಲ. ವರದಿ ಬರುವವರೆಗೆ ಮನೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಸೊಸೈಟಿ ಹೆಂಗಸರು ತುರ್ತು ಸಭೆ ಕೂಡಿಸಿ, ಚೇರಮನ್ ಅಕ್ಕನವರ ಸೊಂಟ ನೋಡಲು ಎರಡೂ ಓಣಿಯಿಂದ ಸಮಸಮ ಸದಸ್ಯರ ಕಮಿಟಿ ಮಾಡಬೇಕೆಂದು ಸೂಚನೆ ತಂದರು, ಅನುಮೋದನೆಯೂ ಆಯಿತು. ನಾನು ಹಾಲು ಅಳೆಯುವ ಲೀಟರ್ ಎತ್ತಿ, ಯಾರು ಹತ್ತಿರ ಬರುತ್ತೀರೋ ಬನ್ನಿ ಎಂದೆ. ಸಭೆ ಬರಖಾಸ್ತಾಯಿತು.

ವರದಿಯಲ್ಲಿ ಏನೂ ಇರಲಿಲ್ಲ. ಬರೀ ದಾರದ ತಿಕ್ಕಾಟ. ಡಾಕ್ಟರ ಮುಂದಿನ ಕುರ್ಚಿಯಲ್ಲೇ ನನ್ನ ಜೀವ ತಿರುಗಿ ಬಂತು. ಅತ್ತೆ ನಿಧಾನಕ್ಕೆ, "ಏನೂ ಆಗಲಿಲ್ಲಲ್ಲ, ಅಂದ್ರ ದಾರ ಕೆಲಸಾ ಮಾಡೇತಿ" ಎಂದರು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ಬಚಾವ್.

ಸಕ್ಕರೆ ಕಾರ್ಖಾನೆಯವರು ಆ ಚಳಿಗಾಲದಲ್ಲಿ ಸದಸ್ಯರ ಮತ್ತು ಕೆಲಸಗಾರರ ಮನೆಯವರಿಗೆಂದು ಕಣ್ಣಿನ ಆಪರೇಷನ್ ಶಿಬಿರ ಮಾಡಿದರು. ಅತ್ತೆಯನ್ನು ಎತ್ತಿಕೊಂಡು ಹೋದಂತೆ ಒಯ್ದೆ. ಪಟ್ಟಿ ಬಿಚ್ಚಿದ ಕೆಲವು ವಾರಗಳ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಚಾಳೀಸು ಬಂತು. ಮೊದಲ ದಿನ ಅದನ್ನು ಹಾಕಿಕೊಂಡು ಅಡಿಗೆಮನೆಯ ಮಸಿ ನೋಡಿ ನನ್ನನ್ನು ಬೈದರು, ಮಗನ ಬಿಳಿಗೂದಲು ನೋಡಿ ಸುಮ್ಮನಾದರು. ಮಧ್ಯಾಹ್ನ ನನ್ನನ್ನು ಕರೆದು ಕಿಟಕಿಯ ಹತ್ತಿರ ನಿಲ್ಲಿಸಿಕೊಂಡರು.

ನಾನು ಗ್ಯಾಲಿಸ್ ಇಳಿಸಿ ಬೆನ್ನು ತಿರುಗಿಸಿ ನಿಂತೆ. ಹಿಂದಿನಿಂದ ಅಪ್ಪಣೆಯೇ ಬರಲಿಲ್ಲ. ತಿರುಗಿ ಬಂತೇ ಅದು?

"ಏನಾತ್ರಿ ಅತ್ತಿ? ಏನರ ಐತೇನ್ರಿ?"

"ಏನೂ ಇಲ್ಲ. ಹೊಸಾದ ಏನೂ ಇಲ್ಲ," ಎಂದರು. "ಇಷ್ಟ ಕೊಯ್ದಾರೇನ ನಿನಗ? ಸಣ್ಣ ಹುಣ್ಣ ಅಂದಿದ್ದೆಲ್ಲಾ ನನ್ನವ್ವಾ. ಇದನ್ನ ಹೊತಗೊಂಡ ಹಾಲಿನ ಕ್ಯಾನ ಎತ್ತತಿದ್ದೇನ?"

ಹುಣ್ಣು ಸಣ್ಣದೇ ಇತ್ತು. ಕೊಯ್ದದ್ದು ಎಷ್ಟೆಂದು ನಾನೂ ನೋಡಿರಲಿಲ್ಲ. ನನಗೆ ಕಾಣದ ಜಾಗ ಅದು.

"ಎಷ್ಟ ದೊಡ್ಡದ ಐತ್ರಿ?" ಎಂದು ಕೇಳಿದೆ.

ಅತ್ತೆ ಮೊದಲ ಸಲ ಬೆರಳು ಹಚ್ಚಿದರು. ಸೊಂಟದ ಮುಂದಿನ ತುದಿಯಿಂದ ಹಿಡಿದು, ಕಲೆಯ ಮೇಲೆ ಮೆಲ್ಲಗೆ ಎಳೆಯುತ್ತ ಬಂದರು. ಇನ್ನೇನು ಮುಗಿಯಿತು ಎಂದುಕೊಂಡೆ. ಬೆರಳು ನಿಲ್ಲಲಿಲ್ಲ, ಬೆನ್ನಿಗೆ ಹೊರಳಿತು, ಬೆನ್ನುಮೂಳೆಯ ಹತ್ತಿರದವರೆಗೂ ಹೋಯಿತು. ನನ್ನ ಆಪರೇಷನ್ ಆದಾಗಿನಿಂದ ಅಳದೇ ಇದ್ದವಳು, ಕಿಟಕಿಯ ಸರಳು ಹಿಡಿದುಕೊಂಡು ಅತ್ತುಬಿಟ್ಟೆ.