ಅರ್ಥಿಂಗ್ ಮತ್ತು ಶಾರದಕ್ಕನ ಚಪ್ಪಲಿ

ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಇಟ್ಟ ಟೆಸ್ಟರಿನ ದೀಪ ಕೆಂಪಗೆ ಹೊತ್ತಿಕೊಂಡಿತು. ಅದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ತೂತು. ಅಲ್ಲಿ ದೀಪ ಹೊತ್ತಬಾರದು. ಚಾರ್ಜಿಂಗ್ ಕೇಬಲನ್ನು ಹಿಂದಕ್ಕೆಳೆದುಕೊಂಡೆ.

ನಾನೂ ಅಮ್ಮನೂ ವಾಸಕ್ಕೆಂದೇ ಸಜ್ಜುಮಾಡಿಕೊಂಡು ತಿರುಗಾಡುವ ವ್ಯಾನಿನ ಬ್ಯಾಟರಿ ಬಳ್ಳಿಗಾವಿಯಲ್ಲಿ ಖಾಲಿಯಾಗಿತ್ತು. ಶಾರದಕ್ಕ ಎಂಬವರು ತಮ್ಮ ಮನೆಯಿಂದ ಕರೆಂಟ್ ತೆಗೆದುಕೊಳ್ಳಲು ಹೇಳಿದ್ದರು. ಪ್ಲಗ್ ಹಾಕಿದ್ದರೆ ವ್ಯಾನಿನ ಇಡೀ ತಗಡಿಗೆ ಕರೆಂಟ್ ಹರಿಯುತ್ತಿತ್ತು. ಅಮ್ಮ ಅದರ ಬಾಗಿಲು ಹಿಡಿದೇ ನಿಂತಿದ್ದರು. ಮನೆಯಲ್ಲಿ ಏನನ್ನಾದರೂ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ ಎಂದು ಕೇಳಿದೆ.

"ಹೌದು ಕಣಮ್ಮ, ಗ್ರೈಂಡರ್ ಮುಟ್ಟಿದ್ರೆ ಜುಮ್ ಅಂತೈತೆ. ಅದಕ್ಕೇ ಚಪ್ಪಲಿ ಹಾಕ್ಕಂಡು ರುಬ್ತೀನಿ" ಎಂದರು ಶಾರದಕ್ಕ.

"ಹತ್ತು ವರ್ಷದಿಂದ ಹಿಂಗೇ ಐತ್ರೀ, ಯಾರೂ ಸತ್ತಿಲ್ಲ!" ಎಂದು ಅವರ ಯಜಮಾನರು ನಕ್ಕರು.

ಮೇನ್ ಸ್ವಿಚ್ ಆಫ್ ಮಾಡಿಸಿ, ತಂತಿಯ ಜಾಡು ಹಿಡಿದು ಹಿತ್ತಿಲಿಗೆ ಹೋದೆ. ಬಸಳೆ ಬಳ್ಳಿಯ ಕೆಳಗಿದ್ದ ಅರ್ಥಿಂಗ್ ಗುಂಡಿಯಲ್ಲಿ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಗ್ರೈಂಡರಿನಿಂದ ಸೋರಿದ ಕರೆಂಟ್ ನೆಲಕ್ಕಿಳಿಯಲಾಗದೆ ಮನೆಯ ಸಾಕೆಟ್ಟುಗಳಿಗೆಲ್ಲ ಹರಡಿತ್ತು. ಊರಿನ ವೈರ್‌ಮನ್ ಬಂದು ಹೊಸ ತಂತಿ ಬಿಗಿದರು, ಗ್ರೈಂಡರನ್ನೂ ಬಿಚ್ಚಿ ಸರಿಮಾಡಿದರು. ಮೇನ್ ಆನ್ ಮಾಡಿಸಿ ಮತ್ತೆ ಟೆಸ್ಟರ್ ಇಟ್ಟೆ, ಹೊತ್ತಲಿಲ್ಲ. ಪ್ಲಗ್ ಹಾಕಿದೆ. ವ್ಯಾನಿನೊಳಗೆ ಚಾರ್ಜರಿನ ಹಸಿರು ದೀಪ ಹೊತ್ತಿತು. ಯಜಮಾನರು ಗ್ರೈಂಡರಿಗೆ ಅಂಗೈ ಒತ್ತಿ ನೋಡಿ ನಕ್ಕರು.

ಮರುದಿನ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು, ಶಾರದಕ್ಕನ ನೀರುದೋಸೆಯ ಅಕ್ಕಿಯನ್ನು ನಾನೇ ರುಬ್ಬಿಕೊಟ್ಟೆ.