ಅತ್ತೆ ಬಂದುಹೋದ ಮೇಲೆ ನಮ್ಮ ಡಿವೋರ್ಸ್

ಲಾಯರ್ ಇಂದು ನನ್ನ ತಲೆ ಕೆಡಿಸಿ ಕಳಿಸಿದ್ದಾರೆ ಸ್ನೇಹಿತರೇ. ಅಮೆರಿಕದ ಈ ನಾರ್ತ್ ಕ್ಯಾರೊಲಿನಾದಲ್ಲಿ ಡಿವೋರ್ಸ್ ಕೇಳುವ ಮೊದಲು ಗಂಡ ಹೆಂಡತಿ ಒಂದು ವರ್ಷ ಬೇರೆ ಬೇರೆ ಮನೆಯಲ್ಲಿರಬೇಕು. ನಾವೂ ಇದ್ದೆವು. ನಡುವೆ ಮೈಸೂರಿನಿಂದ ಅತ್ತೆ ಬಂದರು. ಅವರಿಗೆ ವಿಷಯ ಹೇಳಲು ಧೈರ್ಯ ಸಾಲದೆ ಗಂಡ ಮಹೇಶ ಎರಡು ತಿಂಗಳು ನನ್ನ ಮನೆಗೇ ಬಂದು ಇದ್ದ. ದೇವಸ್ಥಾನದಲ್ಲಿ ಜೋಡಿಯಾಗಿ ಪೂಜೆಗೂ ಕೂತೆವು.

ಹಾಗಾದರೆ ಮತ್ತೆ ಸಂಸಾರ ಮಾಡಿದಂತಾಯಿತು, ವರ್ಷವನ್ನು ಮೊದಲಿನಿಂದ ಎಣಿಸಬೇಕಾಗಬಹುದು ಎಂದರು ಲಾಯರ್.

“ಅದು ಬರೀ ನಾಟಕ ಅಲ್ವಾ?” ಎಂದು ಪಾರ್ಕಿಂಗ್ ಲಾಟಿನಲ್ಲಿ, ಜೊತೆಗೆ ಬಂದಿದ್ದ ಮಹೇಶನನ್ನು ಕೇಳಿದೆ.

“ನಂಗೂ ಏನೂ ಅರ್ಥ ಆಗ್ತಿಲ್ಲ ಕಣೆ.”

ಅಷ್ಟರಲ್ಲಿ ಅತ್ತೆಯ ಫೋನ್. ಸ್ಪೀಕರ್‌ಗೆ ಹಾಕಿದೆ. “ನಿಮ್ಮಿಬ್ರನ್ನ ನೋಡಿ ಮನಸ್ಸು ತುಂಬಿತಮ್ಮ. ಮುಂದಿನ ವರ್ಷವೂ ಬರ್ಲಾ?”

“ಬನ್ನಿ,” ಎಂದೆವು, ಇಬ್ಬರೂ ಒಟ್ಟಿಗೇ. ಮದುವೆಯಾದ ಮೇಲೆ ನಾವು ಒಂದೇ ಮಾತು ಹೇಳಿದ್ದು ಇದೇ ಮೊದಲು.